ಪ್ರೀತಿ ವಾತ್ಸಲ್ಯದಿಂದ ಕೊಟ್ಟ ಮನೆ: ದಾನಪತ್ರ ಮತ್ತು 125 ವರ್ಷ

ಇವತ್ತಿನ ಸಂಚಿಕೆ ಎರಡೇ ಎರಡು ಪದಗಳ ಬಗ್ಗೆ: "ಪ್ರೀತಿ ವಾತ್ಸಲ್ಯದಿಂದ".

ಅಪ್ಪನೋ ಅಜ್ಜಿಯೋ ಮನೆಯನ್ನು ಮಗನಿಗೆ, ಮಗಳಿಗೆ, ಮೊಮ್ಮಗನಿಗೆ ಬರೆದುಕೊಟ್ಟ ದಾನಪತ್ರ ನಿಮ್ಮ ಮನೆಯ ಬೀರುವಿನಲ್ಲಿ ಇದ್ರೆ ಒಮ್ಮೆ ತೆಗೆದು ನೋಡಿ. ಈ ಪದಗಳು ಅಥವಾ ಇದೇ ಅರ್ಥದ ಪದಗಳು ಅದರಲ್ಲಿ ಬಹುತೇಕ ಇದ್ದೇ ಇರ್ತವೆ. ದುಡ್ಡು ಪಡೆಯದೆ ಆಸ್ತಿ ಕೊಡೋದಕ್ಕೆ ಕಾರಣ ಬರೀಬೇಕಲ್ಲ, ಆ ಕಾರಣ ಪ್ರೀತಿ. ಅದಾದ ಮೇಲೆ ಸಬ್ ರಿಜಿಸ್ಟ್ರಾರ್ ಆಫೀಸು, ಹೆಬ್ಬೆಟ್ಟು, ಫೋಟೋ, ಇಬ್ಬರು ಸಾಕ್ಷಿಗಳು. ಅರ್ಧ ದಿನದ ಕೆಲಸ. ಮನೆಯವರ ನಡುವಿನ ದಾನಕ್ಕೆ ಸ್ಟ್ಯಾಂಪ್ ಡ್ಯೂಟಿ ಕೂಡ ಕ್ರಯಪತ್ರಕ್ಕೆ ಹೋಲಿಸಿದ್ರೆ ತೀರಾ ಕಡಿಮೆ. ಹಾಗಾಗಿ "ಈಗಲೇ ಬರೆದುಕೊಟ್ಟುಬಿಡಿ, ಆಮೇಲೆ ತಂಟೆ ಬೇಡ" ಅಂತ ಮಕ್ಕಳು ಹೇಳ್ತಾರೆ, ದೊಡ್ಡವರು ಒಪ್ಪಿಕೊಳ್ತಾರೆ.

ಹೀಗೆ ಕೊಟ್ಟ ಮೇಲೆ ನೋಡಿಕೊಳ್ಳದೇ ಇದ್ರೆ? ಕೊಟ್ಟಿದ್ದನ್ನ ವಾಪಸ್ ಕೇಳೋಕೆ ಆಗುತ್ತಾ? ಈ ಪ್ರಶ್ನೆಗೆ ನಮ್ಮ ಕಾನೂನು ಒಂದು ನೇರ ಉತ್ತರ ಬರೆಯೋಕೆ 1882ರಿಂದ 2007ರವರೆಗೆ, ಸರಿಯಾಗಿ 125 ವರ್ಷ ತಗೊಂಡಿದೆ. ಅದರಲ್ಲೂ ಒಂದು "ಷರತ್ತು" ಇದೆ. ಇವತ್ತು ಆ ಕಥೆ.

ಮೊದಲು ಬೀದರ್ ಜಿಲ್ಲೆಗೆ ಹೋಗೋಣ. ಈಗಿನ ಬಸವಕಲ್ಯಾಣ ಹಿಂದೆ ಕಲ್ಯಾಣದ ಚಾಲುಕ್ಯರ ರಾಜಧಾನಿ. ಆರನೇ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಅಲ್ಲಿಂದ ಆಳಿದ. ಅವನ ಕಾಲದಲ್ಲಿ ಅಲ್ಲಿದ್ದ ವಿಜ್ಞಾನೇಶ್ವರ ಎಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ಒಂದು ವ್ಯಾಖ್ಯಾನ ಬರೆದ. ಅದೇ ಮಿತಾಕ್ಷರ. ಏಳುನೂರು ವರ್ಷ ಕಳೆದ ಮೇಲೆ, 1810ರಲ್ಲಿ, ಕೋಲ್‌ಬ್ರೂಕ್ ಎಂಬ ಇಂಗ್ಲಿಷ್ ಅಧಿಕಾರಿ ಅದರ ಆಸ್ತಿ ಹಂಚಿಕೆಯ ಭಾಗವನ್ನು ಇಂಗ್ಲಿಷಿಗೆ ತಂದ. ಬಂಗಾಳದ ಕಡೆ ಬಿಟ್ಟು ದೇಶದ ಬಹುಪಾಲು ಕಡೆ ಬ್ರಿಟಿಷ್ ಕೋರ್ಟುಗಳು ಹಿಂದೂ ಆಸ್ತಿ ವ್ಯಾಜ್ಯಗಳನ್ನು ಈ ಕನ್ನಡ ನೆಲದ ಪುಸ್ತಕ ಇಟ್ಟುಕೊಂಡೇ ತೀರ್ಮಾನ ಮಾಡಿದವು.

ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಅಪ್ಪ ಅದನ್ನ ಇಷ್ಟ ಬಂದ ಹಾಗೆ ದಾನ ಮಾಡೋ ಹಾಗಿಲ್ಲ. ಹಾಗೆಯೇ ವಯಸ್ಸಾದ ತಂದೆ ತಾಯಿಯನ್ನು ಸಾಕೋದು ಮಗನ ಕರ್ತವ್ಯ, ಆಸ್ತಿ ಇರಲಿ ಇಲ್ಲದಿರಲಿ. ಈ ವ್ಯವಸ್ಥೆಯಲ್ಲಿ ಹೆಣ್ಣುಮಕ್ಕಳಿಗೆ ಅನ್ಯಾಯ ಆಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನಮ್ಮ ಇವತ್ತಿನ ವಿಷಯಕ್ಕೆ ಬೇಕಾದ ಅಂಶ ಬೇರೆ. ಕೂಡು ಕುಟುಂಬದಲ್ಲಿ ಆಸ್ತಿ ಯಜಮಾನನ ಕೈಯಲ್ಲೇ ಇರ್ತಿತ್ತು. ಮುಪ್ಪಿನಲ್ಲಿ ಅವನಿಗೆ ಊಟ ಸಿಗೋಕೆ ಯಾವ ಪತ್ರವೂ ಬೇಕಿರಲಿಲ್ಲ, ಮನೆಯ ಬೀಗದ ಕೈ ಸೊಂಟದಲ್ಲಿ ಇದ್ರೆ ಸಾಕಿತ್ತು.

ಆಮೇಲೆ ಕಾಲ ಬದಲಾಯ್ತು. ಸರ್ಕಾರಿ ನೌಕರಿ, ಸಂಬಳ, ಊರು ಬಿಟ್ಟು ಪೇಟೆಯಲ್ಲಿ ಸೈಟು. ತಾನೇ ದುಡಿದು ತಗೊಂಡ ಸೈಟು ಸ್ವಯಾರ್ಜಿತ. ಅದನ್ನ ಯಾರಿಗಾದ್ರೂ ಕೊಡಬಹುದು, ಒಂದೇ ಸಹಿಯಲ್ಲಿ. ಬೀಗದ ಕೈ ಕೈ ದಾಟೋಕೆ ಶುರುವಾಗಿದ್ದು ಇಲ್ಲಿಂದ.

ಆ ಸಹಿಗೆ ನಿಯಮ ಬರೆದಿದ್ದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 122ನೇ ಕಲಂ ದಾನ ಅಂದ್ರೆ ಏನು ಅಂತ ಹೇಳುತ್ತೆ: ಸ್ವಂತ ಇಚ್ಛೆಯಿಂದ, ಪ್ರತಿಫಲ ಇಲ್ಲದೆ ಕೊಡೋದು, ಇನ್ನೊಬ್ಬರು ಒಪ್ಪಿ ತಗೊಳ್ಳೋದು. 126ನೇ ಕಲಂ ದಾನವನ್ನು ಯಾವಾಗ ರದ್ದು ಮಾಡಬಹುದು ಅಂತ ಹೇಳುತ್ತೆ. ಕೊಟ್ಟವರಿಗೆ ಮನಸ್ಸು ಬದಲಾಯ್ತು ಅಂತ ವಾಪಸ್ ತಗೊಳ್ಳೋಕೆ ಆಗಲ್ಲ. ಇಂಥ ಘಟನೆ ನಡೆದ್ರೆ ದಾನ ರದ್ದು ಅಂತ ಇಬ್ಬರೂ ಮೊದಲೇ ಒಪ್ಪಿರಬೇಕು, ಅದೂ ಆ ಘಟನೆ ಕೊಟ್ಟವರ ಇಷ್ಟವನ್ನೇ ಅವಲಂಬಿಸಿರಬಾರದು. ಇಲ್ಲಾಂದ್ರೆ ಮೋಸ, ಬಲವಂತ, ಅನುಚಿತ ಪ್ರಭಾವ ಇವುಗಳಲ್ಲಿ ಒಂದನ್ನ ಸಾಬೀತು ಮಾಡಬೇಕು.

ಬಿಕಾಂ ಓದಿದವರಿಗೆ ಈ ಪಟ್ಟಿ ಗೊತ್ತಿರುತ್ತೆ. ಬಿಸಿನೆಸ್ ಲಾ ಪೇಪರಿನಲ್ಲಿ 1872ರ ಕರಾರು ಕಾಯ್ದೆ ಬರುತ್ತಲ್ಲ, ಅಲ್ಲಿ ಒಪ್ಪಿಗೆ ಯಾವಾಗ ಮುಕ್ತ ಒಪ್ಪಿಗೆ ಅಲ್ಲ ಅಂತ ಹತ್ತು ಮಾರ್ಕಿಗೆ ಬರೀತಿದ್ವಿ. ಪರೀಕ್ಷೆಯಲ್ಲಿ ಬರೆಯೋದು ಸುಲಭ. ಎಪ್ಪತ್ತೈದು ವರ್ಷದ ಅಜ್ಜಿ ಸಿವಿಲ್ ಕೋರ್ಟಿನಲ್ಲಿ ಸಾಬೀತು ಮಾಡೋದು ಹೇಗೆ? ಸಹಿ ಹಾಕೋ ದಿನ ಯಾರೂ ಅವರನ್ನ ಹೆದರಿಸಿರಲಿಲ್ಲ. ಮಗ ಆ ದಿನ ನಿಜವಾಗ್ಲೂ ಚೆನ್ನಾಗಿಯೇ ನೋಡಿಕೊಂಡಿದ್ದ. ಸಂಬಂಧ ಹಾಳಾಗಿದ್ದು ಮೂರು ವರ್ಷ ಆದ ಮೇಲೆ. ಅದಕ್ಕೆ ಮೋಸ ಅನ್ನೋಕಾಗುತ್ತಾ? 1882ರ ಕಾನೂನಿನ ಲೆಕ್ಕದಲ್ಲಿ ಇಲ್ಲ. ಪ್ರೀತಿ ಆಮೇಲೆ ಬತ್ತಿಹೋಗೋದು ಅದರ ಪಟ್ಟಿಯಲ್ಲೇ ಇರಲಿಲ್ಲ.

ಹೋಗಲಿ, ಮನೆ ಹೋದ್ರೂ ಊಟದ ಖರ್ಚಾದ್ರೂ ಕೇಳಬಹುದಿತ್ತಾ? ಅದರ ಇತಿಹಾಸ ಇನ್ನೂ ವಿಚಿತ್ರ. 1898ರ ಕ್ರಿಮಿನಲ್ ಪ್ರೊಸೀಜರ್ ಕೋಡ್‌ನ 488ನೇ ಕಲಂನಲ್ಲಿ ಮ್ಯಾಜಿಸ್ಟ್ರೇಟ್ ಹತ್ತಿರ ಜೀವನಾಂಶ ಕೇಳೋ ಹಕ್ಕು ಹೆಂಡತಿಗೆ ಮತ್ತು ಮಕ್ಕಳಿಗೆ ಮಾತ್ರ ಇತ್ತು. ತಂದೆ ತಾಯಿ ಹೆಸರೇ ಇಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ವಯಸ್ಸಾದ ತಂದೆ ತಾಯಿಯನ್ನು ಸಾಕೋ ಹೊಣೆಯನ್ನ ಮಗ, ಮಗಳು ಇಬ್ಬರ ಮೇಲೂ ಹಾಕಿತು. ಆದ್ರೆ ಅದು ಹಿಂದೂಗಳಿಗೆ ಮಾತ್ರ, ಮತ್ತೆ ಸಿವಿಲ್ ಕೋರ್ಟಿನ ದಾರಿ. ಎಲ್ಲ ಧರ್ಮದ ತಂದೆ ತಾಯಂದಿರಿಗೂ ಮ್ಯಾಜಿಸ್ಟ್ರೇಟ್ ಬಾಗಿಲು ತೆರೆದದ್ದು 1973ರ ಹೊಸ ಕೋಡ್, 125ನೇ ಕಲಂ. ಆಗಲೂ ತಿಂಗಳಿಗೆ ಗರಿಷ್ಠ 500 ರೂಪಾಯಿ. ಆ ಮಿತಿ ತೆಗೆದುಹಾಕಿದ್ದು 2001ರಲ್ಲಿ.

ಈ 125ನೇ ಕಲಂನಲ್ಲಿ ಒಂದು ಸರ್ವನಾಮದ ಜಗಳವೂ ನಡೀತು. ಕಾನೂನಿನಲ್ಲಿ "ಅವನ ತಂದೆ ಅಥವಾ ತಾಯಿ" ಅಂತ ಇತ್ತು. ಮಹಾರಾಷ್ಟ್ರದಲ್ಲಿ ಒಬ್ಬ ತಂದೆ ವೈದ್ಯೆಯಾಗಿದ್ದ ತನ್ನ ಮದುವೆಯಾದ ಮಗಳಿಂದ ಜೀವನಾಂಶ ಕೇಳಿದ. "ಅವನ" ಅಂದ್ರೆ ಮಗ ಮಾತ್ರ, ನಾನು ಮಗಳು, ನನಗೆ ಇದು ಅನ್ವಯ ಆಗಲ್ಲ ಅನ್ನೋದು ಆಕೆಯ ವಾದ. 1987ರಲ್ಲಿ ಸುಪ್ರೀಂ ಕೋರ್ಟ್ ಇಲ್ಲ ಅಂದಿತು. "ಅವನ" ಅನ್ನೋದರಲ್ಲಿ "ಅವಳ" ಕೂಡ ಸೇರುತ್ತೆ, ಸ್ವಂತ ಆದಾಯ ಇರೋ ಮದುವೆಯಾದ ಮಗಳಿಗೂ ಹೊಣೆ ಇದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅನ್ನೋ ನಮ್ಮ ಹಳೇ ಗಾದೆಗೆ ಅಲ್ಲಿ ಪೆಟ್ಟು ಬಿತ್ತು. ಈಗ ಈ 125ನೇ ಕಲಂ, 2024ರ ಜುಲೈ 1ರಿಂದ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ.

ಗಮನಿಸಿ, ಇಲ್ಲಿವರೆಗೆ ಎಲ್ಲ ಕಾನೂನುಗಳೂ ಊಟದ ದುಡ್ಡಿನ ಬಗ್ಗೆ. ಬರೆದುಕೊಟ್ಟ ಮನೆಯ ಬಗ್ಗೆ ಒಂದು ಮಾತಿಲ್ಲ. ಅದು ಬಂದಿದ್ದು 2007ರಲ್ಲಿ.

ಆ ವರ್ಷ ಸಂಸತ್ತು "ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ" ಮಾಡಿತು. ಕರ್ನಾಟಕದಲ್ಲಿ 2008ರಿಂದ ಜಾರಿ. 60 ವರ್ಷ ತುಂಬಿದ ಯಾವ ಧರ್ಮದವರಾದರೂ ಸರಿ. ತಂದೆ ತಾಯಿಗಂತೂ ವಯಸ್ಸಿನ ಮಿತಿಯೂ ಇಲ್ಲ. ಸಿವಿಲ್ ಕೋರ್ಟ್ ಬೇಡ, ಕಂದಾಯ ಇಲಾಖೆಯ ಎಸಿ, ಅಂದ್ರೆ ಉಪವಿಭಾಗಾಧಿಕಾರಿ, ನಮ್ಮ ರಾಜ್ಯದಲ್ಲಿ ಈ ನ್ಯಾಯಮಂಡಳಿಯ ಅಧ್ಯಕ್ಷರು. ಮೇಲ್ಮನವಿ ಡಿಸಿ ಹತ್ತಿರ. ಅರ್ಜಿ ತಾವೇ ಬರೆದುಕೊಡಬಹುದು, ತಾವೇ ಮಾತಾಡಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಮಕ್ಕಳು ಅಂದ್ರೆ ಮಗ, ಮಗಳು ಅಷ್ಟೇ ಅಲ್ಲ, ವಯಸ್ಸಿಗೆ ಬಂದ ಮೊಮ್ಮಕ್ಕಳೂ ಸೇರ್ತಾರೆ. ಅಂದ್ರೆ ಇದನ್ನ ಕೇಳ್ತಾ ಇರೋ ನೀವೂ.

ಈ ಕಾಯ್ದೆಯ ಹೃದಯ 23ನೇ ಕಲಂ. ಅದು ಹೇಳೋದು ಇಷ್ಟು: ಹಿರಿಯರು ತಮ್ಮ ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದರೆ, ತಗೊಂಡವರು ನೋಡಿಕೊಳ್ಳದಿದ್ದರೆ, ಆ ವರ್ಗಾವಣೆ ಮೋಸದಿಂದ, ಬಲವಂತದಿಂದ ಅಥವಾ ಅನುಚಿತ ಪ್ರಭಾವದಿಂದ ಆದದ್ದು ಅಂತಲೇ ಭಾವಿಸಬೇಕು. ಕೊಟ್ಟವರು ಕೇಳಿದರೆ ನ್ಯಾಯಮಂಡಳಿ ಅದನ್ನು ರದ್ದು ಮಾಡಬಹುದು.

ಇಲ್ಲಿ ಏನಾಯ್ತು ನೋಡಿ. 1872ರ ಕರಾರು ಕಾಯ್ದೆಯ ಅದೇ ಪಟ್ಟಿ, ಅದೇ ಮೋಸ, ಬಲವಂತ, ಅನುಚಿತ ಪ್ರಭಾವ. ಆದ್ರೆ ಈಗ ಅಜ್ಜಿ ಅದನ್ನ ಸಾಬೀತು ಮಾಡೋದು ಬೇಡ. ನೋಡಿಕೊಳ್ಳಲಿಲ್ಲ ಅನ್ನೋದನ್ನ ತೋರಿಸಿದ್ರೆ ಮೋಸ ಆಗಿದೆ ಅಂತ ಕಾನೂನೇ ಅಂದುಕೊಳ್ಳುತ್ತೆ. ಹಳೇ ಬೀಗಕ್ಕೆ ಹೊಸ ಕೀಲಿ ಮಾಡಿದ ಹಾಗೆ.

ಆದ್ರೆ ಆ ಒಂದು ಪದ ಇದೆಯಲ್ಲ, "ಷರತ್ತಿನ ಮೇಲೆ", ಎಲ್ಲ ಜಗಳವೂ ಅದರ ಸುತ್ತಲೇ. ನಮ್ಮಲ್ಲಿ ಯಾವ ತಾಯಿ ಮಗನಿಗೆ ಷರತ್ತು ಹಾಕ್ತಾಳೆ? "ಹೊಟ್ಟೆಗೆ ಹಾಕ್ತೀಯಾ ತಾನೇ?" ಅಂತ ಪತ್ರದಲ್ಲಿ ಬರೆಸೋದು ಅವಮಾನ ಅಂದುಕೊಳ್ತಾರೆ. ಪತ್ರ ಬರೆಯೋರು ಕೂಡ ಹಳೇ ನಮೂನೆ ತೆಗೆದು ಹೆಸರು, ಚಕ್ಕುಬಂದಿ ಬದಲಾಯಿಸಿ "ಪ್ರೀತಿ ವಾತ್ಸಲ್ಯದಿಂದ" ಅಂತ ಮುಗಿಸ್ತಾರೆ.

2022ರ ಡಿಸೆಂಬರಿನಲ್ಲಿ ಹರಿಯಾಣದ ಒಬ್ಬ ತಾಯಿಯ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನ ಆಯ್ತು. ಅವರು ಹೆಣ್ಣುಮಕ್ಕಳ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ಮಾಡಿಕೊಟ್ಟಿದ್ದರು. ಕೋರ್ಟ್ ಹೇಳಿದ್ದು: ಪ್ರೀತಿಯಿಂದ ಕೊಡುವವರು ಯಾವಾಗಲೂ ಪ್ರತಿಯಾಗಿ ಏನನ್ನೋ ನಿರೀಕ್ಷೆ ಮಾಡಿಯೇ ಕೊಡ್ತಾರೆ ಅನ್ನೋಕಾಗಲ್ಲ. ಷರತ್ತು ಇತ್ತು ಅಂತ ಹೇಳಬೇಕು, ತೋರಿಸಬೇಕು. ತಾಯಿ ಸೋತರು. ಷರತ್ತು ಇತ್ತು ಅಂತ ಹೇಳದೇ ಇದ್ದದ್ದೇ ಅವರಿಗೆ ಮುಳುವಾಯ್ತು.

ಎರಡು ವರ್ಷ ಆದ ಮೇಲೆ, 2025ರ ಜನವರಿ 2ರಂದು, ಮಧ್ಯಪ್ರದೇಶದ ಇನ್ನೊಬ್ಬ ತಾಯಿ ಅದೇ ಕೋರ್ಟಿನಲ್ಲಿ ಗೆದ್ದರು. ಅವರ ದಾನಪತ್ರದಲ್ಲೇ ಮಗ ನೋಡಿಕೊಳ್ತಾನೆ ಅನ್ನೋ ಮಾತಿತ್ತು. ಜೊತೆಗೆ, ನೋಡಿಕೊಳ್ಳದಿದ್ರೆ ತಾಯಿ ಮನೆ ವಾಪಸ್ ತಗೋಬಹುದು ಅನ್ನೋ ಒಂದು ವಚನಪತ್ರವನ್ನೂ ಅವರು ಮುಂದಿಟ್ಟರು. ಹೈಕೋರ್ಟಿನ ವಿಭಾಗೀಯ ಪೀಠ ಅವರ ವಿರುದ್ಧ ಹೇಳಿತ್ತು. ಸುಪ್ರೀಂ ಕೋರ್ಟ್ ಅದನ್ನ ತಿರುಗಿಸಿತು. ಹಿರಿಯರ ಒಳಿತಿಗಾಗಿ ಮಾಡಿದ ಕಾಯ್ದೆಯನ್ನು ಅಷ್ಟು ಬಿಗಿಯಾಗಿ ಓದಬಾರದು ಅಂದಿತು. ದಾನಪತ್ರ ರದ್ದಾಯ್ತು, ಮನೆಯನ್ನ ತಾಯಿಗೆ ಒಪ್ಪಿಸಲು ಆದೇಶ ಆಯ್ತು.

ಎರಡೂ ಪ್ರಕರಣ ಪಕ್ಕ ಪಕ್ಕ ಇಟ್ಟು ನೋಡಿ. ಒಬ್ಬರ ಕೈಯಲ್ಲಿ ಮಾತು ಕಾಗದದ ಮೇಲಿತ್ತು, ಇನ್ನೊಬ್ಬರ ಕೈಯಲ್ಲಿ ಇರಲಿಲ್ಲ. ಅಷ್ಟೇ ವ್ಯತ್ಯಾಸ. ಆ ಅಷ್ಟರಲ್ಲೇ ಒಬ್ಬರ ಆಸ್ತಿ ಉಳೀತು, ಇನ್ನೊಬ್ಬರದ್ದು ಹೋಯ್ತು.

ಇಷ್ಟು ಕೇಳಿದ ಮೇಲೆ ಕಾನೂನು ಯಾವಾಗಲೂ ದೊಡ್ಡವರ ಪರ ಅಂತಲೂ ಅಂದುಕೊಳ್ಳಬೇಡಿ. ಬೆಂಗಳೂರಿನ ಒಂದು ಪ್ರಕರಣದಲ್ಲಿ ಅತ್ತೆ ಮಾವ ಇದೇ ಕಾಯ್ದೆ ಹಿಡಿದು ಸೊಸೆಯನ್ನು ಮನೆಯಿಂದ ಖಾಲಿ ಮಾಡಿಸಲು ಎಸಿ ಹತ್ತಿರ ಹೋದರು, ಆದೇಶವೂ ಸಿಕ್ಕಿತು. ಗಂಡ ಹೆಂಡತಿಯ ನಡುವೆ ವ್ಯಾಜ್ಯ ನಡೀತಿತ್ತು. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಸೊಸೆಗೆ ಕೊಟ್ಟಿರೋ ವಾಸದ ಹಕ್ಕನ್ನು ಹಿರಿಯ ನಾಗರಿಕರ ಕಾಯ್ದೆ ಬಳಸಿ ಮುಳುಗಿಸೋಕೆ ಆಗಲ್ಲ ಅಂದಿತು. ಒಬ್ಬರ ಸೂರು ಉಳಿಸೋಕೆ ಮಾಡಿದ ಕಾನೂನು ಇನ್ನೊಬ್ಬರ ಸೂರು ಕಿತ್ತುಕೊಳ್ಳೋ ಆಯುಧ ಆಗಬಾರದು.

ತಿಂಗಳಿಗೆ 10,000ದ ಮಿತಿ ತೆಗೆಯೋಕೆ, ಅಳಿಯ ಸೊಸೆಯರನ್ನೂ ಹೊಣೆಗಾರರನ್ನಾಗಿ ಮಾಡೋಕೆ 2019ರಲ್ಲಿ ಒಂದು ತಿದ್ದುಪಡಿ ಮಸೂದೆ ಲೋಕಸಭೆಗೆ ಬಂತು. ಅದು ಪಾಸಾಗಲೇ ಇಲ್ಲ. ಹಾಗಾಗಿ 2007ರಲ್ಲಿ ಕಾಯ್ದೆಗೆ ಬರೆದ 10,000 ಇವತ್ತಿಗೂ 10,000. ಅವತ್ತಿನ ಔಷಧಿ ಬಿಲ್ಲು, ಇವತ್ತಿನ ಔಷಧಿ ಬಿಲ್ಲು ಎರಡನ್ನೂ ನೀವೇ ಲೆಕ್ಕ ಹಾಕಿ.

ಹಾಗಾದ್ರೆ ನಾವೇನು ಮಾಡಬೇಕು? ಇದು ಇತಿಹಾಸದ ಪಾಡ್‌ಕಾಸ್ಟ್, ನಾನು ವಕೀಲ ಅಲ್ಲ. ನಿಮ್ಮ ಮನೆಯ ಪತ್ರವನ್ನು ಒಬ್ಬ ವಕೀಲರಿಗೆ ತೋರಿಸಿ. ಆದ್ರೆ ಇತಿಹಾಸವೇ ಹೇಳಿಕೊಡೋ ಮೂರು ಮಾತು ಹೇಳ್ತೀನಿ. ಒಂದು, ಆತುರ ಇಲ್ಲದಿದ್ರೆ ದಾನಪತ್ರದ ಬದಲು ಉಯಿಲು ಇದೆ. ಬರೆದವರು ಬದುಕಿರೋವರೆಗೆ ಅದನ್ನ ಯಾವಾಗ ಬೇಕಾದ್ರೂ ಬದಲಾಯಿಸಬಹುದು, ಮನೆ ಅಲ್ಲೀವರೆಗೆ ಅವರದ್ದೇ. ಎರಡು, ದಾನಪತ್ರವೇ ಆಗಬೇಕು ಅಂದ್ರೆ ಊಟ, ವಾಸ, ಔಷಧಿ ನೋಡಿಕೊಳ್ಳೋ ಷರತ್ತನ್ನ, ಕೊನೇವರೆಗೆ ಆ ಮನೆಯಲ್ಲೇ ಇರೋ ಹಕ್ಕನ್ನ ಅದೇ ಪತ್ರದಲ್ಲಿ ಬಿಡಿಸಿ ಬರೆಸಿ. ಮೂರು, ಈಗಾಗಲೇ ತೊಂದರೆಯಲ್ಲಿರೋ ಹಿರಿಯರು ನಿಮ್ಮ ಅಕ್ಕಪಕ್ಕ ಇದ್ರೆ 14567 ಅನ್ನೋ ಸಹಾಯವಾಣಿ ನಂಬರನ್ನ ಅವರ ಫೋನಿನಲ್ಲಿ ಸೇವ್ ಮಾಡಿಕೊಡಿ. ಅವರಿಗೆ ಓಡಾಡೋಕೆ ಆಗದಿದ್ರೆ ಅವರ ಪರವಾಗಿ ಬೇರೆಯವರೂ ಎಸಿ ಆಫೀಸಿಗೆ ಅರ್ಜಿ ಕೊಡಬಹುದು.

ಆ ಷರತ್ತಿನ ಸಾಲು ಬರೆಸಿ ಅಂತ ದೊಡ್ಡವರು ಬಾಯಿಬಿಟ್ಟು ಕೇಳಲ್ಲ. ಕೇಳಿದ್ರೆ ಮಕ್ಕಳ ಮೇಲೆ ನಂಬಿಕೆ ಇಲ್ಲ ಅಂದ ಹಾಗಾಗುತ್ತೆ ಅನ್ನೋ ಸಂಕೋಚ ಅವರಿಗೆ. ಅದಕ್ಕೇ ಕೇಳಬೇಕಾದವರು ತಗೊಳ್ಳೋ ನಾವು. "ಅಜ್ಜಿ, ಇದರಲ್ಲಿ ನಿಮ್ಮನ್ನ ನೋಡಿಕೊಳ್ಳೋ ಮಾತೂ ಬರೆಸೋಣ" ಅಂತ ಮೊಮ್ಮಗನೋ ಮೊಮ್ಮಗಳೋ ಹೇಳಿದ್ರೆ ಅದರಲ್ಲಿ ಯಾರಿಗೂ ಅವಮಾನ ಇಲ್ಲ. ಪ್ರೀತಿ ನಿಜ ಆಗಿದ್ರೆ ಆ ಸಾಲು ಯಾವತ್ತೂ ಉಪಯೋಗಕ್ಕೆ ಬರಲ್ಲ, ಬೀರುವಿನಲ್ಲಿ ಸುಮ್ಮನೆ ಮಲಗಿರುತ್ತೆ.

ಮನೆಯ ಫ್ಯಾಮಿಲಿ ಗ್ರೂಪಿಗೆ ಇದನ್ನ ಫಾರ್ವರ್ಡ್ ಮಾಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.