ಪನ್ನಾಲಾಲ್ ಘೋಷ್

ಘೋಷ್, ಪನ್ನಾಲಾಲ್ (1911-1960): ಹಿಂದೂಸ್ತಾನಿ ಕೊಳಲುವಾದಕ, ಚಲನಚಿತ್ರ ಸಂಗೀತ ನಿರ್ದೇಶಕ, ಗುರು. ಜನಪದ ಧುನ್‌ಗಳಿಗೂ ಲಘು ಸಂಗೀತಕ್ಕೂ ಮೀಸಲಾಗಿದ್ದ ಬಾನ್ಸುರಿಯಲ್ಲಿ ಖಯಾಲ್ ನುಡಿಸಿ, ಅದಕ್ಕೆ ಕಛೇರಿಯ ಸ್ಥಾನ ಗಳಿಸಿಕೊಟ್ಟವರು. ಬೆನ್ನಿಗೆ ಅರಮನೆಯ ಆಶ್ರಯವಿರಲಿಲ್ಲ, ಕೊಳಲಿನ ಘರಾಣೆಯೂ ಇರಲಿಲ್ಲ. ಸ್ಟುಡಿಯೋ ದುಡಿಮೆಯಲ್ಲಿ ಸಂಸಾರ ತೂಗಿಸುತ್ತಲೇ ಇದನ್ನು ಸಾಧಿಸಿದರು ಎಂಬುದೇ ಅವರ ಹಿರಿಮೆ.

ಹುಟ್ಟಿದ್ದು ಪೂರ್ವ ಬಂಗಾಳದ ಬಾರಿಸಾಲ್‌ನಲ್ಲಿ. ತಂದೆ ಸಿತಾರ್ ಬಲ್ಲವರು. ತಮ್ಮ ನಿಖಿಲ್ ಘೋಷ್ ಹೆಸರಾಂತ ತಬಲಾವಾದಕ. ಹರೆಯದಲ್ಲಿ ಪನ್ನಾಲಾಲ್ ಕುಸ್ತಿ, ಬಾಕ್ಸಿಂಗ್ ಕಲಿತಿದ್ದರು. ಉದ್ದನೆಯ ಕೊಳಲು ಬೇಡುವ ದಮ್ಮಿಗೆ ಆ ಕಸರತ್ತು ಒದಗಿಬಂದಿರಬೇಕು. ಕಲ್ಕತ್ತೆಯ ಚಲನಚಿತ್ರ ಸಂಸ್ಥೆ ನ್ಯೂ ಥಿಯೇಟರ್ಸ್‌ನಲ್ಲಿ ವಾದಕರಾಗಿದ್ದುಕೊಂಡೇ ಖುಷಿ ಮಹಮ್ಮದ್ ಖಾನ್, ಗಿರಿಜಾಶಂಕರ ಚಕ್ರವರ್ತಿಯವರಲ್ಲಿ ಪಾಠ ಹೇಳಿಸಿಕೊಂಡರು. 1938ರಲ್ಲಿ ಸರಾಯಿಕೇಲಾದ ನೃತ್ಯ ತಂಡದೊಡನೆ ಯುರೋಪಿಗೆ ಹೋಗಿಬಂದರು. 1940ರಲ್ಲಿ ಮುಂಬಯಿಗೆ ಬಂದು ಬಾಂಬೆ ಟಾಕೀಸ್‌ನ 'ಬಸಂತ್' (1942) ಮೊದಲಾದ ಚಿತ್ರಗಳಿಗೆ ಸಂಗೀತ ಕೊಟ್ಟರು. ಪತ್ನಿ ಪಾರುಲ್ ಘೋಷ್ ಆ ಕಾಲದ ಪ್ರಸಿದ್ಧ ಹಿನ್ನೆಲೆ ಗಾಯಕಿ. ತ.ರಾ.ಸು. ಅವರ 'ಹಂಸಗೀತೆ' ಕಾದಂಬರಿಯನ್ನು ಆಧರಿಸಿದ ಹಿಂದಿ ಚಿತ್ರ 'ಬಸಂತ್ ಬಹಾರ್'ನಲ್ಲಿ (1956) ಕೇಳುವ ಕೊಳಲು ಪನ್ನಾಲಾಲರದು.

ಖಯಾಲಿನ ವಿಲಂಬಿತ ಆಲಾಪಕ್ಕೆ ಮಂದ್ರಸ್ಥಾಯಿ ಬೇಕು. ಗಿಡ್ಡ ಕೊಳಲಿನಲ್ಲಿ ಆ ಗಾಂಭೀರ್ಯ ಹುಟ್ಟುವುದಿಲ್ಲ. ಪನ್ನಾಲಾಲ್ ಹಲವು ಬಗೆಯ ಕೊಳಲುಗಳನ್ನು ಪರೀಕ್ಷಿಸಿ, ಕೊನೆಗೆ ಸುಮಾರು 32 ಅಂಗುಲದ ಬಿದಿರಿನ ಕೊಳಲನ್ನು ಆರಿಸಿಕೊಂಡರು. ಅಷ್ಟು ಉದ್ದದ ಕೊಳಲಿನಲ್ಲಿ ರಂಧ್ರಗಳು ದೂರದೂರ. ಬೆರಳ ತುದಿ ಸಾಲದು, ಬೆರಳುಗಳನ್ನು ಚಾಚಿ ಮುಚ್ಚಬೇಕು. ಕಿರುಬೆರಳಿಗೆಂದು ಏಳನೆಯ ರಂಧ್ರವನ್ನೂ ಕೊರೆಸಿದರು. ಇದರಿಂದ ಮಂದ್ರದ ತೀವ್ರ ಮಧ್ಯಮ ದೊರೆಯಿತು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಗಾಯನಕ್ಕೆ ಹತ್ತಿರವಾಯಿತು. ಅವರ ದರಬಾರಿ, ಯಮನ್, ಶ್ರೀ ರಾಗಗಳ ಧ್ವನಿಮುದ್ರಣಗಳನ್ನು ಕೇಳಿದರೆ ಕೊಳಲು ಹಾಡುತ್ತಿದೆ ಎನ್ನುವುದು ಬರಿಯ ಹೊಗಳಿಕೆಯಲ್ಲವೆಂದು ತಿಳಿಯುತ್ತದೆ. ನೂಪುರ್‌ಧ್ವನಿ, ಚಂದ್ರಮೌಳಿ, ದೀಪಾವಳಿ ಅವರು ಕಟ್ಟಿದ ರಾಗಗಳು.

1947ರಲ್ಲಿ, ದೇಶವೆಲ್ಲ ಹೆಸರು ಬಲ್ಲ ಕಲಾವಿದರಾಗಿದ್ದಾಗಲೇ, ಮೈಹರಿನ ಅಲ್ಲಾವುದ್ದೀನ್ ಖಾನರ ಶಿಷ್ಯರಾದರು. ಇಂಥ ವಿನಯ ವಿರಳ. 1956ರಲ್ಲಿ ದೆಹಲಿ ಆಕಾಶವಾಣಿಯ ವಾದ್ಯವೃಂದದ ನಿರ್ವಾಹಕರಾದ ಮೇಲಷ್ಟೇ ಕಾಯಂ ನೌಕರಿಯ ನೆಮ್ಮದಿ ದೊರೆಯಿತು. ಅದೂ ಹೆಚ್ಚು ದಿನ ಉಳಿಯಲಿಲ್ಲ. 1960ರ ಏಪ್ರಿಲ್ 20ರಂದು ಹೃದಯಾಘಾತದಿಂದ ತೀರಿಕೊಂಡರು.

ಅವರ ಶಿಷ್ಯರಲ್ಲಿ ಗೌರ್ ಗೋಸ್ವಾಮಿಯವರಂಥ ಬಂಗಾಳಿಗಳಿದ್ದಂತೆ ಕರ್ನಾಟಕದ ನಂಟಿನವರೂ ಇದ್ದರು. ದೇವೇಂದ್ರ ಮುರ್ಡೇಶ್ವರ್ (1923-2000) ಸವಣೂರಿನವರು. ತಬಲಾದಿಂದ ಕೊಳಲಿಗೆ ಬಂದು, ಮುಂದೆ ಗುರುಗಳ ಅಳಿಯನೂ ಆದರು. ವಿ.ಜಿ. ಕಾರ್ನಾಡ್ ಇನ್ನೊಬ್ಬ ಪ್ರಮುಖ ಶಿಷ್ಯ. ಮುರ್ಡೇಶ್ವರರ ಬಳಿ ಕಲಿತ ನಿತ್ಯಾನಂದ ಹಳದೀಪುರ ಈ ಪರಂಪರೆಯ ಮುಂದಿನ ಪೀಳಿಗೆಯವರು. ಉದ್ದನೆಯ ಕೊಳಲನ್ನು ಇಂದು ಹಿಂದೂಸ್ತಾನಿ ವಾದಕರೆಲ್ಲ ಒಪ್ಪಿಕೊಂಡಿದ್ದಾರೆ. ಆದರೆ ಹರಿಪ್ರಸಾದ್ ಚೌರಾಸಿಯಾ ಮತ್ತು ಅವರ ಶಿಷ್ಯರು ನುಡಿಸುವುದು ಆರು ರಂಧ್ರದ ಕೊಳಲನ್ನು. ಏಳನೆಯ ರಂಧ್ರ ಉಳಿದಿರುವುದು ಮುಖ್ಯವಾಗಿ ಪನ್ನಾಲಾಲರ ಪರಂಪರೆಯಲ್ಲಿ.