ಚಂದ್ರನಲ್ಲಿ ರಷ್ಯಾ ಮೊದಲು ಇಳಿದಿದ್ದರೆ? ‘ಫಾರ್ ಆಲ್ ಮ್ಯಾನ್‌ಕೈಂಡ್’ ಧಾರಾವಾಹಿಯ ಪರಿಚಯ

1969ರ ಜುಲೈ 20ರಂದು ಅಮೆರಿಕದ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟ ಸಂಗತಿ ಶಾಲೆಯ ಮಕ್ಕಳಿಗೂ ಗೊತ್ತು. ಅದಕ್ಕೆ 24 ದಿನ ಮೊದಲೇ ರಷ್ಯಾದವರು ಅಲ್ಲಿ ಇಳಿದುಬಿಟ್ಟಿದ್ದರೆ? ಈ ಒಂದು ‘ರೆ’ಯ ಮೇಲೆ ಕಟ್ಟಿದ ಕಥೆಯೇ ‘ಫಾರ್ ಆಲ್ ಮ್ಯಾನ್‌ಕೈಂಡ್’ ಎಂಬ ಅಮೆರಿಕನ್ ಧಾರಾವಾಹಿ. ಹೆಸರಿನ ಅರ್ಥ ‘ಸಮಸ್ತ ಮನುಕುಲಕ್ಕಾಗಿ’. ಅಪೋಲೋ-11ರ ಯಾತ್ರಿಗಳು ಚಂದ್ರನಲ್ಲಿ ಬಿಟ್ಟುಬಂದ ಫಲಕದಲ್ಲಿ ಇದೇ ಮಾತಿದೆ.

ರೊನಾಲ್ಡ್ ಡಿ. ಮೂರ್, ಮ್ಯಾಟ್ ವೋಲ್ಪರ್ಟ್ ಮತ್ತು ಬೆನ್ ನೆಡಿವಿ ಇದರ ನಿರ್ಮಾತೃಗಳು. ‘ಸ್ಟಾರ್ ಟ್ರೆಕ್’ ಸರಣಿಗಳಿಗೆ ಬರೆದ, ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ವನ್ನು ಹೊಸದಾಗಿ ರೂಪಿಸಿದ ಅನುಭವ ಮೂರ್ ಅವರಿಗಿತ್ತು. ನಾಸಾದ ಮಾಜಿ ಗಗನಯಾತ್ರಿ ಗ್ಯಾರೆಟ್ ರೈಸ್‌ಮನ್ ತಾಂತ್ರಿಕ ಸಲಹೆಗಾರರು. ಆಪಲ್ ಕಂಪನಿಯ ‘ಆಪಲ್ ಟಿವಿ ಪ್ಲಸ್’ ಸೇವೆ ಶುರುವಾದ ದಿನವೇ, ಅಂದರೆ 2019ರ ನವೆಂಬರ್ 1ರಂದು, ಮೊದಲ ಕಂತು ಬಿಡುಗಡೆಯಾಯಿತು. 2021, 2022 ಮತ್ತು 2023ರಲ್ಲಿ ಮುಂದಿನ ಮೂರು ಭಾಗಗಳು ಬಂದವು. ಭಾಗಕ್ಕೆ ಹತ್ತರಂತೆ ಒಟ್ಟು 40 ಕಂತು. ಐದನೆಯ ಭಾಗವನ್ನೂ, ರಷ್ಯಾದ ಕಡೆಯ ಕಥೆ ಹೇಳುವ ‘ಸ್ಟಾರ್ ಸಿಟಿ’ ಎಂಬ ಇನ್ನೊಂದು ಸರಣಿಯನ್ನೂ 2024ರ ಏಪ್ರಿಲ್‌ನಲ್ಲಿ ಘೋಷಿಸಲಾಯಿತು.

ಒಬ್ಬ ಮನುಷ್ಯನ ಸಾವು

ಕಥೆಯ ಕವಲು ಎಲ್ಲಿ ಒಡೆಯುತ್ತದೆ? ಮೂರ್ ಅವರ ಪ್ರಕಾರ ಮಾಸ್ಕೋದ ಒಂದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ. ಸ್ಪುಟ್ನಿಕ್ ಹಾರಿಸಿದ, ಯೂರಿ ಗಗಾರಿನ್‌ರನ್ನು ಬಾಹ್ಯಾಕಾಶಕ್ಕೆ ಕಳಿಸಿದ ಸೋವಿಯತ್ ಮುಖ್ಯ ವಿನ್ಯಾಸಕಾರ ಸೆರ್ಗೈ ಕೊರೊಲೆವ್ 1966ರ ಜನವರಿ 14ರಂದು ಶಸ್ತ್ರಚಿಕಿತ್ಸೆಯ ವೇಳೆ ತೀರಿಕೊಂಡರು. ಆಗ ಅವರಿಗೆ 59 ವರ್ಷ. ಸ್ಟಾಲಿನ್ ಕಾಲದಲ್ಲಿ ಕೊಲಿಮಾದ ಶಿಬಿರದಲ್ಲಿ ಸೆರೆವಾಸ ಅನುಭವಿಸಿದವರು ಅವರು. ಬದುಕಿದ್ದಷ್ಟು ಕಾಲ ಅವರ ಹೆಸರೇ ಸರಕಾರಿ ಗುಟ್ಟು. ಸತ್ತ ಮೇಲಷ್ಟೇ ಜಗತ್ತಿಗೆ ಗೊತ್ತಾಯಿತು.

ಅವರ ಬಳಿಕ ಚಂದ್ರಯಾನಕ್ಕೆಂದು ಕಟ್ಟಿದ ಎನ್-1 ರಾಕೆಟ್ 1969ರಿಂದ 1972ರವರೆಗೆ ನಾಲ್ಕು ಬಾರಿ ಹಾರಿತು, ನಾಲ್ಕೂ ಬಾರಿ ವಿಫಲವಾಯಿತು. ಮೊದಲ ಹಂತದಲ್ಲೇ ಇದ್ದ 30 ಎಂಜಿನ್‌ಗಳನ್ನು ಒಟ್ಟಿಗೆ ಹದ್ದುಬಸ್ತಿನಲ್ಲಿಡುವುದು ಸಾಧ್ಯವಾಗಲಿಲ್ಲ. ಧಾರಾವಾಹಿಯಲ್ಲಿ ಕೊರೊಲೆವ್ ಸಾಯುವುದಿಲ್ಲ. ರಾಕೆಟ್ ಹಾರುತ್ತದೆ. 1969ರ ಜೂನ್ 26ರಂದು ಅಲೆಕ್ಸಿ ಲಿಯೊನೊವ್ ಚಂದ್ರನ ಮೇಲಿಳಿಯುತ್ತಾರೆ. ಲಿಯೊನೊವ್ ಕಲ್ಪಿತ ಪಾತ್ರವಲ್ಲ. 1965ರ ಮಾರ್ಚ್ 18ರಂದು ಗಗನನೌಕೆಯಿಂದ ಹೊರಬಂದು ಮೊತ್ತಮೊದಲ ಬಾಹ್ಯಾಕಾಶ ನಡಿಗೆ ಮಾಡಿದವರು ಅವರೇ. ಧಾರಾವಾಹಿ ಬಿಡುಗಡೆಗೆ ಮೂರೇ ವಾರ ಮುಂಚೆ, 2019ರ ಅಕ್ಟೋಬರ್ 11ರಂದು ಅವರು ನಿಧನರಾದರು.

ಸೋತವರ ಓಟ

ಕಥಾನಾಯಕ ಎಡ್ ಬಾಲ್ಡ್‌ವಿನ್ (ನಟ ಜೋಯೆಲ್ ಕಿನ್ನಮನ್) ಅಪೋಲೋ-10ರಲ್ಲಿ ಚಂದ್ರನ ಹತ್ತಿರಕ್ಕೆ ಹೋಗಿ ಇಳಿಯದೆ ಮರಳಿದವನು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಕೊರಗು ಅವನಿಗೆ, ಇಡೀ ದೇಶಕ್ಕೂ. ಹಾಗಾಗಿ ಕಥೆಯಲ್ಲಿ ಪೈಪೋಟಿ ನಿಲ್ಲುವುದೇ ಇಲ್ಲ. 1973ರಲ್ಲೇ ಚಂದ್ರನಲ್ಲಿ ‘ಜೇಮ್ಸ್‌ಟೌನ್’ ಎಂಬ ನೆಲೆ. ಎರಡನೆಯ ಭಾಗ 1983ರದ್ದು. ಶೀತಲ ಸಮರ ಚಂದ್ರನವರೆಗೂ ಹಬ್ಬಿ, ಗಗನಯಾತ್ರಿಗಳ ಕೈಗೆ ಬಂದೂಕು ಬರುತ್ತದೆ. ಮೂರನೆಯದರಲ್ಲಿ, 1990ರ ದಶಕದಲ್ಲಿ, ನಾಸಾ, ಸೋವಿಯತ್ ಮತ್ತು ಒಂದು ಖಾಸಗಿ ಕಂಪನಿ ಮಂಗಳಕ್ಕೆ ಓಡುತ್ತವೆ. ನಾಲ್ಕನೆಯದು 2003ರಲ್ಲಿ, ಮಂಗಳದ ನೆಲೆಯಲ್ಲಿ ದುಡಿಯುವ ಕೂಲಿಕಾರರ ಕೂಲಿ, ಮುಷ್ಕರಗಳ ಕಥೆ.

ನಿಜ ಇತಿಹಾಸದಲ್ಲಿ ನಡೆದದ್ದು ತಿರುಗುಮುರುಗು. ಗೆದ್ದ ಅಮೆರಿಕ ಅಪೋಲೋ 18, 19, 20ನ್ನು ರದ್ದುಮಾಡಿತು. 1972ರ ಡಿಸೆಂಬರ್‌ನಲ್ಲಿ ಅಪೋಲೋ-17 ಮರಳಿದ ಮೇಲೆ ಅರ್ಧ ಶತಮಾನ ದಾಟಿದರೂ ಚಂದ್ರನ ಮೇಲೆ ಮತ್ತೊಬ್ಬರು ನಡೆಯಲಿಲ್ಲ. ನಡೆದವರು 12 ಮಂದಿ, ಎಲ್ಲರೂ ಅಮೆರಿಕದ ಗಂಡಸರು.

ಹೊರಗುಳಿದವರು

ಧಾರಾವಾಹಿಯ ತೂಕ ಇರುವುದು ಇಲ್ಲಿ. ಚಂದ್ರನ ಮೇಲೆ ರಷ್ಯಾ ಒಬ್ಬ ಮಹಿಳೆಯನ್ನೂ ಇಳಿಸಿದಾಗ, ಅಮೆರಿಕ ಅವಸರದಲ್ಲಿ ಹೆಣ್ಣುಮಕ್ಕಳಿಗೆ ತರಬೇತಿ ಕೊಡುತ್ತದೆ. ಅವರಲ್ಲಿ ಮಾಲಿ ಕಾಬ್ ಎಂಬ ಪಾತ್ರಕ್ಕೆ ಜೆರ್ರಿ ಕಾಬ್ ಎಂಬ ನಿಜವಾದ ವಿಮಾನಚಾಲಕಿ ಪ್ರೇರಣೆ. 1960ರ ದಶಕದ ಆರಂಭದಲ್ಲಿ ಆಕೆ ಸೇರಿ 13 ಮಹಿಳೆಯರು ಗಗನಯಾತ್ರಿಗಳ ವೈದ್ಯಕೀಯ ಪರೀಕ್ಷೆಗಳಲ್ಲಿ ತೇರ್ಗಡೆಯಾದರು. ಆದರೆ ನಾಸಾ ಕೇಳಿದ್ದು ಸೇನಾ ಜೆಟ್ ಪರೀಕ್ಷಾ ಚಾಲಕರನ್ನು. ಆ ಕೆಲಸಕ್ಕೆ ಹೆಂಗಸರಿಗೆ ಪ್ರವೇಶವೇ ಇರಲಿಲ್ಲ. ಮೊದಲ ಅಮೆರಿಕನ್ ಮಹಿಳೆ ಸ್ಯಾಲಿ ರೈಡ್ ಬಾಹ್ಯಾಕಾಶಕ್ಕೆ ಹೋದದ್ದು 1983ರಲ್ಲಿ.

ಇನ್ನೊಂದು ಪಾತ್ರ ಗಡಿಯೂರಿನವರ ಮನಸ್ಸಿಗೆ ಹತ್ತಿರವಾದೀತು. ಅಲೇಡಾ ರೊಸಾಲೆಸ್ ಮೆಕ್ಸಿಕೋದಿಂದ ಗಡಿ ದಾಟಿ ಬಂದ ಹುಡುಗಿ. ಅಪ್ಪ ನಾಸಾ ಕಚೇರಿಯಲ್ಲಿ ಕಸ ಗುಡಿಸುವ ಕೆಲಸಗಾರ. ಮನೆಯಲ್ಲಿ ಸ್ಪ್ಯಾನಿಷ್, ಶಾಲೆಯಲ್ಲಿ ಇಂಗ್ಲಿಷ್. ಲೆಕ್ಕದಲ್ಲಿ ಆಕೆ ಚುರುಕು. ಎಂಜಿನಿಯರ್ ಮಾರ್ಗೊ ಮ್ಯಾಡಿಸನ್ ಪಾಠ ಹೇಳಿಕೊಡುತ್ತಾಳೆ. ಅಷ್ಟರಲ್ಲಿ ಕಾಗದಪತ್ರ ಇಲ್ಲದ ಅಪ್ಪನನ್ನು ಗಡೀಪಾರು ಮಾಡುತ್ತಾರೆ. ನಿನ್ನ ಮನೆಯಲ್ಲಿರಲೇ ಎಂದು ಹುಡುಗಿ ಕೇಳಿದರೆ ಮಾರ್ಗೊಗೆ ಹೂಂ ಎನ್ನಲು ಆಗುವುದಿಲ್ಲ. ವರ್ಷಗಳ ನಂತರ ಅಲೇಡಾ ಅದೇ ಕಚೇರಿಗೆ ಎಂಜಿನಿಯರಾಗಿ ಬರುತ್ತಾಳೆ. ಆದರೆ ಆ ದಿನದ ನೋವನ್ನು ಮರೆತಿರುವುದಿಲ್ಲ.

ಕಲ್ಪನೆ, ವಾಸ್ತವ ಮತ್ತು ಬ್ಯಾಲಾಳು

ಕಥೆಯಲ್ಲಿ ಅಮೆರಿಕದ ನೆಲೆ ಇರುವುದು ಚಂದ್ರನ ದಕ್ಷಿಣ ಧ್ರುವದ ಶ್ಯಾಕಲ್‌ಟನ್ ಕುಳಿಯ ಬಳಿ. ಕಾರಣ, ಅಲ್ಲಿ ಸಿಕ್ಕ ನೀರಿನ ಮಂಜುಗಡ್ಡೆ. ನಿಜಜೀವನದಲ್ಲಿ ಇದೇ ಕುಳಿಯ ಸಮೀಪ 2008ರ ನವೆಂಬರ್ 14ರಂದು ಭಾರತದ ಚಂದ್ರಯಾನ-1 ತನ್ನ ಶೋಧಕವನ್ನು ಬೀಳಿಸಿತು. ಅದರಲ್ಲಿದ್ದ ನಾಸಾ ಉಪಕರಣ ಚಂದ್ರನ ನೆಲದಲ್ಲಿ ನೀರಿನ ಅಂಶವನ್ನು ಗುರುತಿಸಿದ ವಿಚಾರ 2009ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಯಿತು. ಆ ನೌಕೆಯ ಸಂಕೇತಗಳನ್ನು ಹಿಡಿದದ್ದು ಬೆಂಗಳೂರಿನ ಹೊರವಲಯದ ಬ್ಯಾಲಾಳು ಗ್ರಾಮದ 32 ಮೀಟರ್ ಅಗಲದ ಆಂಟೆನಾ. ಮುಂದೆ 2023ರ ಆಗಸ್ಟ್ 23ರಂದು ಚಂದ್ರಯಾನ-3 ದಕ್ಷಿಣ ಧ್ರುವದತ್ತಣ ಪ್ರದೇಶದಲ್ಲಿ ಇಳಿಯಿತು.

ಪೈಪೋಟಿ ಮುಂದುವರಿದಿದ್ದರೆ ಎಲ್ಲವೂ ಒಳ್ಳೆಯದಾಗುತ್ತಿತ್ತು ಎಂದು ಧಾರಾವಾಹಿ ಹೇಳುವುದಿಲ್ಲ. ಬ್ಯಾಟರಿ ಕಾರುಗಳು ಬೇಗ ಬರುತ್ತವೆ, ಮಹಿಳೆಯೊಬ್ಬಳು ಅಧ್ಯಕ್ಷೆಯಾಗುತ್ತಾಳೆ. ಜೊತೆಗೇ ಸಂಸಾರಗಳು ಒಡೆಯುತ್ತವೆ, ಗೆಳೆಯರು ಸಾಯುತ್ತಾರೆ, ಸೋವಿಯತ್ ಒಕ್ಕೂಟವೂ ಉಳಿದುಕೊಂಡು ಹಗೆ ಮುಂದುವರಿಯುತ್ತದೆ. ಗೆದ್ದವನು ಕೂತುಬಿಡುತ್ತಾನೆ, ಸೋತವನು ಓಡುತ್ತಲೇ ಇರುತ್ತಾನೆ. ಆ ಓಟದ ಖರ್ಚನ್ನು ಯಾರು ಭರಿಸಿದರು ಎಂಬುದನ್ನು ನೋಡಬೇಕಾದರೆ ಅಲೇಡಾಳ ಅಪ್ಪನ ಕಥೆಯಿಂದ ಶುರುಮಾಡಬಹುದು.