ಆಟಿಕೆ ಕಾರು, ಐದು ವ್ಯಾಟ್ ಮತ್ತು ಗೌರಿಬಿದನೂರು

ಶಿಡ್ಲಘಟ್ಟದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ಫೋನು ಮಾಡಿದ್ದ. "ಸಾರ್, ಮಗನಿಗೆ ರಿಮೋಟಿನ ಕಾರು ತಂದುಕೊಟ್ಟೆ. ಎದುರುಮನೆ ಹುಡುಗನ ಹತ್ತಿರವೂ ಅಂಥದ್ದೇ ಇದೆ. ಇವನು ಗುಂಡಿ ಒತ್ತಿದರೆ ಅವನ ಕಾರು ಓಡುತ್ತೆ, ದಿನಾ ಜಗಳ. ಇದೇನು ಸಾರ್?" ಕಾರಿನ ತಳದಲ್ಲಿ ಏನು ಬರೆದಿದೆ ನೋಡಪ್ಪಾ ಎಂದೆ. "27 ಮೆಗಾಹರ್ಟ್ಸ್" ಎಂದು ಓದಿದ. ಅವನಿಗೆ ಎರಡು ಮಾತಿನಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ಈ ಕಥೆಯ ಒಂದು ಎಳೆ ನಮ್ಮ ಗೌರಿಬಿದನೂರಿಗೆ ಬಂದು ಸೇರುತ್ತದೆ.

1947ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ಕಾರ್ಖಾನೆ, ಪ್ರಯೋಗಾಲಯ, ಆಸ್ಪತ್ರೆಗಳ ಯಂತ್ರಗಳಿಗೆಂದು ಕೆಲವು ರೇಡಿಯೋ ಕಂಪನಾಂಕಗಳನ್ನು ಬಿಟ್ಟುಕೊಟ್ಟಿತು. ಅವುಗಳಲ್ಲಿ 27.12 ಮೆಗಾಹರ್ಟ್ಸ್ ಒಂದು. ಮಂಡಿನೋವಿಗೆ ಫಿಸಿಯೋಥೆರಪಿಯಲ್ಲಿ ಶಾಖ ಕೊಡುವ ಯಂತ್ರ, ಪ್ಲಾಸ್ಟಿಕ್ ಹಾಳೆ ಬೆಸೆಯುವ ಯಂತ್ರ, ಇವೆಲ್ಲ ಇಲ್ಲಿಯೇ ಗುನುಗುತ್ತವೆ. ಇಂಥ ಗದ್ದಲದ ಸಂತೆಯೊಳಗೇ ಅಮೆರಿಕ 1958ರಲ್ಲಿ ಜನಸಾಮಾನ್ಯರ ಮಾತಿಗೆ ಜಾಗ ಮಾಡಿಕೊಟ್ಟಿತು. ಅದೇ ಸಿಟಿಜನ್ಸ್ ಬ್ಯಾಂಡ್. 1973ರ ತೈಲ ಬಿಕ್ಕಟ್ಟಿನ ನಂತರ ಲಾರಿ ಚಾಲಕರು ಅದನ್ನು ಮನೆಮಾತಾಗಿಸಿದರು. 1977ರಲ್ಲಿ ಚಾನೆಲ್‌ಗಳು 23ರಿಂದ 40ಕ್ಕೆ ಏರಿದವು. ಸಾಮಾನ್ಯ ಮಾತಿಗೆ ಶಕ್ತಿಯ ಮಿತಿ 4 ವ್ಯಾಟ್. ಆದರೆ 27.255ರಲ್ಲಿ ದೂರನಿಯಂತ್ರಣದ ಸಂಕೇತಗಳಿಗೆ 25 ವ್ಯಾಟ್‌ವರೆಗೆ ಅನುಮತಿಯಿತ್ತು. ಇಬ್ಬರು ಮಾತನಾಡುತ್ತಿರುವಾಗ ನಡುವೆ ಗರಗರ ಸದ್ದು ಬಂದರೆ ಅದು ಯಾವುದೋ ಯಂತ್ರಕ್ಕೆ ಹೋದ ಆಜ್ಞೆಯೂ ಆಗಿರಬಹುದಿತ್ತು. ಕೆಲವರು ಕದ್ದು ಆಂಪ್ಲಿಫೈಯರ್ ಜೋಡಿಸಿ ಅಕ್ಕಪಕ್ಕದ ಟೆಲಿವಿಷನ್‌ಗಳನ್ನೆಲ್ಲ ಕೆಡಿಸಿದರು. 1978ರಲ್ಲಿ ಅಂಥ ಆಂಪ್ಲಿಫೈಯರ್‌ಗಳ ಮಾರಾಟವನ್ನೇ ನಿಷೇಧಿಸಬೇಕಾಯಿತು.

ನಮ್ಮಲ್ಲಿ ನಿಸ್ತಂತು ಉಪಕರಣವನ್ನು ಇಟ್ಟುಕೊಳ್ಳುವುದಕ್ಕೇ ಪರವಾನಗಿ ಬೇಕೆಂದು 1933ರ ಕಾಯಿದೆ ಹೇಳಿತು. ಕೇಳುವ ರೇಡಿಯೋಗೂ ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟುತ್ತಿದ್ದ ಕಾಲವನ್ನು ನನ್ನ ಓರಗೆಯವರು ಮರೆತಿರಲಾರರು. 27 ಮೆಗಾಹರ್ಟ್ಸ್‌ನ ಈ ಪಟ್ಟಿ, ಅಂದರೆ 26.957ರಿಂದ 27.283ರವರೆಗಿನ ತುಂಡು, ಭಾರತದಲ್ಲಿ ಪರವಾನಗಿಯಿಂದ ಮುಕ್ತವಾದದ್ದು 2005ರಲ್ಲಿ. ಮಿತಿ 5 ವ್ಯಾಟ್. ಜೊತೆಗೆ ಒಂದು ಷರತ್ತೂ ಇದೆ: ಇದು ಎಲ್ಲರೂ ಹಂಚಿಕೊಳ್ಳುವ ಜಾಗ, ನೀವು ಯಾರಿಗೂ ಅಡಚಣೆ ಮಾಡುವಂತಿಲ್ಲ, ನಿಮಗಾದ ಅಡಚಣೆಗೆ ರಕ್ಷಣೆ ಕೇಳುವಂತಿಲ್ಲ. ಶಿಡ್ಲಘಟ್ಟದ ಎರಡು ಕಾರುಗಳ ವ್ಯಾಜ್ಯಕ್ಕೆ ಕಾನೂನಿನ ಉತ್ತರ ಇಷ್ಟೇ.

ಕಾಯಿದೆ ಬಂದ ಆ 1933ರಲ್ಲಿಯೇ ಅಮೆರಿಕದ ಬೆಲ್ ಪ್ರಯೋಗಾಲಯದ ಕಾರ್ಲ್ ಜಾನ್ಸ್ಕಿ ಒಂದು ವಿಚಿತ್ರವನ್ನು ಪ್ರಕಟಿಸಿದರು. ದೂರವಾಣಿ ಸಂಪರ್ಕವನ್ನು ಕೆಡಿಸುವ ಸದ್ದುಗಳನ್ನು 20.5 ಮೆಗಾಹರ್ಟ್ಸ್‌ನಲ್ಲಿ ಹುಡುಕುತ್ತಿದ್ದಾಗ ಅವರಿಗೆ ಒಂದು ಸಣ್ಣ ಸುಯ್ಲು ಕೇಳಿಸಿತ್ತು. ಅದು ದಿನವೂ ಸುಮಾರು ನಾಲ್ಕು ನಿಮಿಷ ಮೊದಲೇ ಬರುತ್ತಿತ್ತು. ನಕ್ಷತ್ರಗಳು ಉದಯಿಸುವ ಲೆಕ್ಕವೂ ಅದೇ. ಭೂಮಿಯ ಯಾವ ಯಂತ್ರವೂ ಆ ಗಡಿಯಾರವನ್ನು ಅನುಸರಿಸದು. ಅದು ನಮ್ಮ ಆಕಾಶಗಂಗೆಯ ಧ್ವನಿ.

ಅಂಥ ಧ್ವನಿಯನ್ನು ಕೇಳಲೆಂದೇ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಜೊತೆಗೂಡಿ ಗೌರಿಬಿದನೂರಿನ ಬಳಿ ದೂರದರ್ಶಕ ಕಟ್ಟಿದವು. 1976ರಿಂದ ಅದು ಕೆಲಸ ಮಾಡತೊಡಗಿತು. ಆಗ ಅದು ಕೋಲಾರ ಜಿಲ್ಲೆ; ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ದೂರದರ್ಶಕವೆಂದರೆ ದೊಡ್ಡ ಬಟ್ಟಲನ್ನು ಊಹಿಸಬೇಡಿ. ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ ನೆಟ್ಟ ಒಂದು ಸಾವಿರ ಡೈಪೋಲ್ ಆಂಟೆನಾಗಳು, ಪೂರ್ವ ಪಶ್ಚಿಮಕ್ಕೆ 640, ದಕ್ಷಿಣಕ್ಕೆ 360. ಪೂರ್ವ ಪಶ್ಚಿಮದ ತೋಳೇ 1.4 ಕಿಲೋಮೀಟರ್. ನಮ್ಮ ಕಡೆಯವರು ದೂರದಿಂದ ನೋಡಿದರೆ ಯಾರದೋ ದ್ರಾಕ್ಷಿ ಚಪ್ಪರವೆಂದೇ ತಿಳಿದಾರು. ಆಂಟೆನಾಗಳು ಕದಲುವುದಿಲ್ಲ, ಸಂಕೇತಗಳನ್ನು ಲೆಕ್ಕ ಹಾಕಿ ಹಿಂದುಮುಂದಾಗಿ ಕೂಡಿಸಿ ಆಕಾಶದ ಬೇಕಾದ ದಿಕ್ಕನ್ನು ಆಲಿಸುತ್ತಾರೆ. ಕಂಪನಾಂಕ 34.5 ಮೆಗಾಹರ್ಟ್ಸ್, ಅಂದರೆ ಆಟಿಕೆ ಕಾರಿನ ನೆರೆಮನೆ. ಇದರಿಂದ ಆಕಾಶದ ಬಹುಭಾಗದ ನಕ್ಷೆಯನ್ನು ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ ಪ್ರಕಟಿಸಿದರು.

ಈಗ ಮೇಷ್ಟರ ಚಾಳಿ, ಒಂದು ಲೆಕ್ಕ. 5 ವ್ಯಾಟಿನ ಪ್ರೇಷಕವು ಇದೇ ಕಂಪನಾಂಕದಲ್ಲಿ, 10 ಕಿಲೋಮೀಟರ್ ಆಚೆ, 10 ಕಿಲೋಹರ್ಟ್ಸ್ ಅಗಲದಲ್ಲಿ ಮಾತನಾಡಿತೆನ್ನಿ. ನಡುವೆ ಬೆಟ್ಟಗುಡ್ಡಗಳಿಲ್ಲವೆಂದೂ ಭಾವಿಸಿ. ಆಗ ಅದರ ಸದ್ದು, ಆಕಾಶದ ಅತ್ಯಂತ ಪ್ರಬಲ ರೇಡಿಯೋ ಆಕರಗಳಲ್ಲೊಂದಾದ ಕ್ಯಾಸಿಯೋಪಿಯಾ-ಎಗಿಂತ ಸುಮಾರು ನೂರು ಕೋಟಿ ಪಟ್ಟು ಹೆಚ್ಚು. ಮಿತಿ ಐದೇ ಏಕೆ, ಐವತ್ತಾದರೆ ಏನಂತೆ ಎನ್ನುವವರು ಈ ಸಂಖ್ಯೆಯನ್ನು ನೋಡಬೇಕು. ಸೂರ್ಯನ ಕಲೆಗಳು ಹೆಚ್ಚಿರುವ ವರ್ಷಗಳಲ್ಲಂತೂ ಮೇಲಿನ ಅಯಾನುಗೋಳ ಕನ್ನಡಿಯಂತಾಗಿ, ಸಾವಿರಾರು ಕಿಲೋಮೀಟರ್ ಆಚೆಯ ಹರಟೆಯೂ ಬಂದು ಇಳಿಯುತ್ತದೆ. ನಿಯಮವನ್ನು ಗುಮಾಸ್ತರ ಕಿರುಕುಳವೆಂದು ಒಂದು ಕಾಲಕ್ಕೆ ನಾನೂ ಬೈದವನೇ.

ಗೌರಿಬಿದನೂರಿನಲ್ಲಿ 2002ರಿಂದ ಕೆಲವು ವರ್ಷ ಪಲ್ಸಾರ್‌ಗಳಿಗಾಗಿ ಆಕಾಶವನ್ನು ಆಲಿಸಿ ದತ್ತಾಂಶವನ್ನು ಶೇಖರಿಸಿಟ್ಟಿದ್ದರು. 2008ರಲ್ಲಿ ಹಾರಿದ ಫರ್ಮಿ ಉಪಗ್ರಹವು ಗಾಮಾ ಕಿರಣದಲ್ಲಿ ಹೊಸ ಪಲ್ಸಾರ್‌ಗಳನ್ನು ಕಂಡಿತು; ಅವುಗಳಲ್ಲಿ ಜೆ1732-3131 ಎಂಬುದು ರೇಡಿಯೋದಲ್ಲಿ ಮೌನವಾಗಿತ್ತು. ಆಗ ಬೆಂಗಳೂರಿನ ಸಂಶೋಧಕರು ಹಳೆಯ ಶೇಖರಣೆಯನ್ನು ಮತ್ತೆ ತೆರೆದು ಜಾಲಾಡಿದರು. ಪರೀಕ್ಷೆ ಸರಳ: ನಕ್ಷತ್ರಗಳ ನಡುವಿನ ಎಲೆಕ್ಟ್ರಾನುಗಳನ್ನು ದಾಟಿ ಬಂದ ಮಿಡಿತವು ಕಡಿಮೆ ಕಂಪನಾಂಕದಲ್ಲಿ ತಡವಾಗಿ ತಲುಪುತ್ತದೆ. ಎದುರುಮನೆಯ ರಿಮೋಟಿಗೆ ಆ ವಿಳಂಬ ಬರಲಾರದು. ಸೆಕೆಂಡಿಗೆ ಐದರಂತೆ, ಹೆಚ್ಚುಕಡಿಮೆ ಒಂದು ನಿಮಿಷ ತಡವಾಗಿ ಬಂದಿದ್ದ ಆ ಮಿಡಿತಗಳು 2002ರ ದತ್ತಾಂಶದಲ್ಲಿಯೇ ಇದ್ದಿರಬಹುದೆಂದು ಕಂಡುಬಂತು. 2012ರಲ್ಲಿ ಅದು ಪ್ರಕಟವಾಯಿತು.